ವಕೀಲನೋ, ಸಾಕ್ಷಿಯೋ?

ಬೆಳಗಾವಿಯಲ್ಲಿ ಬಹುಕಾಲ ಬದುಕಿದವರಿಗೆ ಪತ್ರಿಕೆಗಳ ವಿಷಯದಲ್ಲಿ ಒಂದು ತಿಳಿವಳಿಕೆ ತಾನಾಗಿಯೇ ಬಂದುಬಿಡುತ್ತದೆ. ಒಂದೇ ಓಣಿಯಲ್ಲಿ ನಡೆದ ಒಂದೇ ಜಗಳ ಮರುದಿನ ಕನ್ನಡ ಪತ್ರಿಕೆಯಲ್ಲಿ ಒಂದು ರೂಪದಲ್ಲಿಯೂ ಮರಾಠಿ ಪತ್ರಿಕೆಯಲ್ಲಿ ಇನ್ನೊಂದು ರೂಪದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಎರಡೂ ಭಾಷೆ ಬಲ್ಲವನು ಚಹಾದಂಗಡಿಯಲ್ಲಿ ಕುಳಿತು ಎರಡನ್ನೂ ಓದಿ, ಇವೆರಡರ ನಡುವೆ ಎಲ್ಲೋ ನಡೆದಿರಬಹುದಾದುದನ್ನು ತಾನೇ ಊಹಿಸಿಕೊಳ್ಳುತ್ತಾನೆ. 1986ರ ಜೂನ್ ತಿಂಗಳಲ್ಲಿ ಗಡಿ ಚಳವಳಿ ಕಾವೇರಿ ಪೊಲೀಸರ ಗೋಲಿಬಾರಿನಲ್ಲಿ ಜನ ಸತ್ತರು. ಸತ್ತವರು ಒಂದು ಭಾಷೆಯಲ್ಲಿ ಹುತಾತ್ಮರಾದರು, ಇನ್ನೊಂದು ಭಾಷೆಯಲ್ಲಿ ಗಲಭೆಕೋರರಾದರು. ಅತ್ತ ಮನೆಗಳು ಮಾತ್ರ ಅವೇ ಆಗಿದ್ದವು.

ಇಂಥ ಊರಿನಲ್ಲಿ ನಿಂತು ಒಂದು ಪ್ರಶ್ನೆಯನ್ನು ವಿಚಾರ ಮಾಡಬೇಕೆಂದಿದ್ದೇನೆ. ನಮಗೆ ಮಮತೆಯಿರುವ ಒಂದು ಸರ್ಕಾರ, ಬಡವರ ಪರ ನಿಂತಿದ್ದೇನೆಂದು ಹೇಳಿಕೊಳ್ಳುವ ಒಂದು ಎಡಪಂಥೀಯ ಸರ್ಕಾರ, ದೂರದಲ್ಲೆಲ್ಲೋ ಇದೆ ಎಂದು ಭಾವಿಸೋಣ. ಪರದೇಶದ ದೊಡ್ಡ ಪತ್ರಿಕೆಗಳು ಅದರ ಬಗ್ಗೆ ಪಕ್ಷಪಾತದಿಂದ ಬರೆಯುತ್ತವೆ. ನಮಗೆ ಸಿಟ್ಟು ಬರುತ್ತದೆ. ಉತ್ತರ ಕೊಡಬೇಕೆನಿಸುತ್ತದೆ. ಹಾಗೆ ಉತ್ತರ ಕೊಡುವವನ ಧರ್ಮವೇನು? ಅವನು ಆ ಸರ್ಕಾರದ ವಕೀಲನೋ, ಅಥವಾ ನಡೆದುದಕ್ಕೆ ಸಾಕ್ಷಿಯೋ?

ಈ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕದ್ದು ಖಾನಾಪುರದ ಒಬ್ಬ ಗೆಳೆಯರಿಂದ. ನಿವೃತ್ತ ಶಿಕ್ಷಕರು. ಜೀವಮಾನವಿಡೀ ಕೂಲಿಕಾರರ, ಗೇಣಿದಾರರ ಪರ ಮಾತಾಡಿದವರು. ಪರದೇಶಿ ಪತ್ರಿಕೆಗಳು ಎಡಪಂಥದ ಸರ್ಕಾರಗಳಿಗೆ ಮಾಡಿದ ಅನ್ಯಾಯವನ್ನು ಕುರಿತು ಅವರು ಒಂದು ದೀರ್ಘ ಲೇಖನ ಬರೆದಿದ್ದರು. ಅಚ್ಚಿಗೆ ಕೊಡುವ ಮೊದಲು ನೋಡಿರೆಂದು ನನ್ನ ಕೈಗೆ ಕೊಟ್ಟರು. ಅದರ ಮುಖ್ಯ ವಸ್ತು 1957ರ ಕೇರಳ. ಲೇಖನದಲ್ಲಿ ಇದ್ದುದೆಲ್ಲ ನಿಜವೇ ಆಗಿತ್ತು. ಆದರೆ ಇರಬೇಕಾಗಿದ್ದ ಕೆಲವು ಸಂಗತಿಗಳು ಇರಲಿಲ್ಲ. ಕೇಳಿದೆ. ಅವರು ತಡಮಾಡದೆ ಹೇಳಿದರು: "ಖರೆ ಅದರೀ, ಅದೂ ಆಗೇದ. ಆದ್ರ ವೈರಿ ಕೈಯಾಗ ನಾವ ಕುಡಗೋಲು ಕೊಡಬೇಕೇನು?"

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಪಕ್ಷಪಾತವೆಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಪಕ್ಷಪಾತವೆಂದರೆ ಸುಳ್ಳು ಎಂದೇ ನಾವು ತಿಳಿಯುತ್ತೇವೆ. ಶುದ್ಧ ಸುಳ್ಳು ವಾಸ್ತವವಾಗಿ ಕಡಿಮೆ. ಹೆಸರಿಡುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಕಂಪನಿ ಸರ್ಕಾರದ ಕಣ್ಣಿನಲ್ಲಿ ಅವನು ದಂಗೆಕೋರ. ಕಚೇರಿ ಸುಟ್ಟದ್ದು, ಖಜಾನೆಗೆ ಕೈಹಾಕಿದ್ದು ಯಾವುದೂ ಕಟ್ಟುಕತೆಯಲ್ಲ. ಅದನ್ನೇ ನಮ್ಮ ಲಾವಣಿಕಾರರು ಹಾಡಿ ಅವನನ್ನು ವೀರನೆಂದರು. ಸಂಗತಿ ಒಂದೇ, ಹೆಸರು ಬೇರೆ. ಆ ಹೆಸರಿನಲ್ಲಿ ಒಂದು ಪ್ರಶ್ನೆ ಅಡಗಿದೆ: ಆ ನೆಲ ಯಾರದು? ಕಂಪನಿಯದೆಂದು ಒಪ್ಪಿಕೊಂಡವನಿಗೆ ರಾಯಣ್ಣ ಅಪರಾಧಿ. ಕಿತ್ತೂರಿನದೆಂದು ತಿಳಿದವನಿಗೆ ಯೋಧ. ವರದಿಗಾರನು ಆ ಪ್ರಶ್ನೆಯನ್ನು ಎತ್ತುವುದಿಲ್ಲ. ಉತ್ತರವನ್ನು ಮಾತ್ರ ಒಂದು ಶಬ್ದದಲ್ಲಿ ಇಟ್ಟು ಮುಂದೆ ಹೋಗುತ್ತಾನೆ.

ಇನ್ನೊಂದು ಸಂಗತಿ, ವರದಿಗಾರ ಯಾರ ಜಗುಲಿಯ ಮೇಲೆ ಕುಳಿತ ಎಂಬುದು. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ನನ್ನ ಬಂಧುಗಳೊಬ್ಬರು ಖಾನಾಪುರದ ಕಡೆ ಗದ್ದೆ ಕಳೆದುಕೊಂಡರು. ಸಾಯುವ ತನಕ ಅವರ ಬಾಯಲ್ಲಿ ಅದು ದರೋಡೆಯೇ. ಅವರ ಗದ್ದೆ ಉಳುತ್ತಿದ್ದವನ ಮನೆಯಲ್ಲಿ ಅದೇ ವರ್ಷದಿಂದ ಮಗಳನ್ನು ಶಾಲೆಗೆ ಕಳಿಸಿದರು. ಆ ಕಾಲದಲ್ಲಿ ಪರದೇಶದ ವರದಿಗಾರನೊಬ್ಬ ಈ ಕಡೆ ಬಂದಿದ್ದರೆ ಯಾರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ? ಖಂಡಿತವಾಗಿಯೂ ನನ್ನ ಬಂಧುಗಳ ಮನೆಯಲ್ಲಿ. ಅಲ್ಲಿ ಕುರ್ಚಿ ಇತ್ತು, ಸ್ವಲ್ಪ ಇಂಗ್ಲಿಷ್ ಇತ್ತು, ಒಳ್ಳೆಯ ಚಹಾ ಇತ್ತು. ಅವನು ಪ್ರಾಮಾಣಿಕವಾಗಿ ಕೇಳಿಸಿಕೊಂಡು, ಪ್ರಾಮಾಣಿಕವಾಗಿ ಬರೆದು, ಅರ್ಧ ಸತ್ಯವನ್ನು ಜಗತ್ತಿಗೆ ಕೊಡುತ್ತಿದ್ದ.

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಇದು ಊಹೆಯಾಗಿ ಉಳಿಯಲಿಲ್ಲ. 1952ರಲ್ಲಿ ಅಲ್ಲಿಯ ಅಧ್ಯಕ್ಷ ಹಕೋಬೊ ಆರ್ಬೆಂಜ್ ಭೂಸುಧಾರಣೆಯ ಕಾನೂನು ತಂದರು. ದೊಡ್ಡ ಹಿಡುವಳಿಗಳಲ್ಲಿ ಬೀಳುಬಿದ್ದ ನೆಲವನ್ನು ತೆಗೆದುಕೊಂಡು ರೈತರಿಗೆ ಹಂಚುವುದು; ತೆರಿಗೆಗಾಗಿ ಮಾಲೀಕನೇ ಬರೆದುಕೊಟ್ಟ ಬೆಲೆಯನ್ನು ಪರಿಹಾರವಾಗಿ ಕೊಡುವುದು. ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿಯ ನೆಲಕ್ಕೆ ಆ ಲೆಕ್ಕದಲ್ಲಿ ಬಂದದ್ದು ಸುಮಾರು 6 ಲಕ್ಷ 27 ಸಾವಿರ ಡಾಲರ್. ಕಂಪನಿಯ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು 1 ಕೋಟಿ 58 ಲಕ್ಷಕ್ಕೂ ಹೆಚ್ಚು. ತೆರಿಗೆ ಕಟ್ಟುವಾಗ ಒಂದು ಬೆಲೆ, ಪರಿಹಾರ ಕೇಳುವಾಗ ಇನ್ನೊಂದು ಬೆಲೆ ಎಂಬ ಈ ವಿದ್ಯೆ ನಮ್ಮ ತಹಶೀಲ್ದಾರ ಕಚೇರಿಯ ಮುಂದೆ ಕೂತವರಿಗೂ ಗೊತ್ತು! ಕಂಪನಿಯು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣನನ್ನು ಇಟ್ಟುಕೊಂಡಿತ್ತು. ಅವನು ಅಮೆರಿಕದ ಪತ್ರಕರ್ತರನ್ನು ಕಂಪನಿಯ ಖರ್ಚಿನಲ್ಲಿ ಕರೆತಂದು, ತೋರಿಸಬೇಕಾದುದನ್ನು ತೋರಿಸಿ ಕಳಿಸುತ್ತಿದ್ದ. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಆ್ಯಲೆನ್ ಡಲೆಸ್ ಅವರ ಸೂಚನೆಯ ಮೇರೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಲೀಕರು ಸಿಡ್ನಿ ಗ್ರುಸನ್ ಎಂಬ ತಮ್ಮ ವರದಿಗಾರನನ್ನು ಆ ದೇಶದಿಂದ ದೂರವಿಟ್ಟರು. ಆ ವರ್ಷದ ಜೂನ್‌ನಲ್ಲಿ ಸರ್ಕಾರ ಉರುಳಿತು. ಆಮೇಲೆ ಆ ದೇಶ ದಶಕಗಳ ಕಾಲ ರಕ್ತದಲ್ಲಿ ನೆಂದಿತು. ಆದ್ದರಿಂದ ಪತ್ರಿಕೆಯ ಪಕ್ಷಪಾತವನ್ನು ಪ್ರಶ್ನಿಸುವುದು ಸೋಮಾರಿಗಳ ಹವ್ಯಾಸವಲ್ಲ. ಸುದ್ದಿ ಮೊದಲು ದಾರಿ ಮಾಡಿಕೊಟ್ಟಮೇಲೆಯೇ ಬಂದೂಕು ಸುಲಭವಾಗಿ ನಡೆದುಬರುತ್ತದೆ. ಈ ಮಟ್ಟಿಗೆ ನನ್ನ ಗೆಳೆಯರ ಸಿಟ್ಟು ನ್ಯಾಯವಾದದ್ದು.

ಈಗ ಕೇರಳಕ್ಕೆ ಬರೋಣ. ಅದು ಕನ್ನಡಿಗರಿಗೆ ಪರರಾಜ್ಯದ ಕತೆಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಆ ರಾಜ್ಯಕ್ಕೆ ಸೇರಿತ್ತು. 1957ರ ಮೊದಲ ಚುನಾವಣೆಯಲ್ಲಿ ಅಲ್ಲಿಯ ಕನ್ನಡಿಗರೂ ಮತದಾರರಾಗಿದ್ದರು. ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡರು ಗೆದ್ದುಬಂದ ನೀಲೇಶ್ವರ ಇಂದು ಕಾಸರಗೋಡು ಜಿಲ್ಲೆಯಲ್ಲಿಯೇ ಇದೆ. ಆ ಕಡೆಯ ಕಯ್ಯೂರಿನ ರೈತರ ಹೋರಾಟವನ್ನೂ, 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಕುರಿತು ನಿರಂಜನರು ಬರೆದ 'ಚಿರಸ್ಮರಣೆ' ಕಾದಂಬರಿ ಕನ್ನಡದಲ್ಲಿ ಬಂದು ಆಗಲೇ ಎರಡು ವರ್ಷವಾಗಿತ್ತು.

ಆ ಸರ್ಕಾರ 1957ರ ಏಪ್ರಿಲ್ 5ರಂದು ಪ್ರಮಾಣವಚನ ಸ್ವೀಕರಿಸಿತು. ಕೆಲವೇ ದಿನಗಳಲ್ಲಿ ಗೇಣಿದಾರರನ್ನು ಒಕ್ಕಲೆಬ್ಬಿಸಬಾರದೆಂದು ಸುಗ್ರೀವಾಜ್ಞೆ ಹೊರಡಿಸಿತು. ಆಮೇಲೆ ಶಿಕ್ಷಣ ಮಸೂದೆ, ಕೃಷಿ ಸಂಬಂಧಗಳ ಮಸೂದೆ ಬಂದವು. ಶಿಕ್ಷಣ ಮಸೂದೆಯನ್ನು ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು, 1958ರಲ್ಲಿ ಅಭಿಪ್ರಾಯ ಬಂತು, ಮಸೂದೆಯನ್ನು ತಿದ್ದಲಾಯಿತು, 1959ರಲ್ಲಿ ಅಂಕಿತ ಬಿತ್ತು. ಇದಕ್ಕಿಂತ ಸಂವಿಧಾನಬದ್ಧವಾದ ನಡೆ ಇನ್ನೇನಿದೆ? ಆದರೆ ಶೀತಲ ಸಮರದ ಕನ್ನಡಕ ಹಾಕಿಕೊಂಡವರಿಗೆ ಕಂಡದ್ದೇ ಬೇರೆ. ವಿಕ್ಟರ್ ಫಿಕ್ ಎಂಬ ಪಾಶ್ಚಾತ್ಯ ವಿದ್ವಾಂಸರು ಕೇರಳದ ಕಮ್ಯುನಿಸ್ಟರ ಬಗ್ಗೆ 1970ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಕೊಟ್ಟ ಹೆಸರೇ 'ಕೇರಳ: ಭಾರತದ ಯೆನಾನ್'. ಯೆನಾನ್ ಎಂದರೆ ಮಾವೋ ಸೇನೆ ಬೀಡುಬಿಟ್ಟು ಚೀನಾವನ್ನು ಗೆಲ್ಲಲು ಹೊರಟ ತಾಣ. ಮತಪೆಟ್ಟಿಗೆಯಿಂದ ಬಂದು, ಮಸೂದೆ ತಿದ್ದಿಕೊಂಡು ಕುಳಿತ ಒಂದು ಮಂತ್ರಿಮಂಡಲಕ್ಕೂ ಆ ಹೋಲಿಕೆಯ ನೆರಳು ತಪ್ಪಲಿಲ್ಲ.

1959ರ ಜೂನ್ 12ರಂದು ವಿಮೋಚನಾ ಸಮರವೆಂಬ ಚಳವಳಿ ಶುರುವಾಯಿತು. ಜುಲೈ 31ರಂದು ಕೇಂದ್ರವು 356ನೆಯ ವಿಧಿಯನ್ನು ಬಳಸಿ ಸರ್ಕಾರವನ್ನು ವಜಾ ಮಾಡಿತು. ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1978ರಲ್ಲಿ ತಮ್ಮ ಪುಸ್ತಕವೊಂದರಲ್ಲಿ, ಕಮ್ಯುನಿಸ್ಟರನ್ನು ಸೋಲಿಸಲು ಅಮೆರಿಕ ಎರಡು ಸಲ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತು, ಒಮ್ಮೆ ಕೇರಳದಲ್ಲಿ, ಇನ್ನೊಮ್ಮೆ ಪಶ್ಚಿಮ ಬಂಗಾಳದಲ್ಲಿ ಎಂದು ಒಪ್ಪಿಕೊಂಡರು. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತರು. ಸ್ಥಾನಗಳು 60ರಿಂದ 29ಕ್ಕೆ ಇಳಿದವು. ಆದರೆ ಅವರಿಗೆ ಬಿದ್ದ ಮತ ಶೇಕಡಾ 35ರಿಂದ 39ಕ್ಕೆ ಏರಿತ್ತು. ಜನ ತಿರಸ್ಕರಿಸಿದರು ಎಂಬ ಒಂದು ಸಾಲಿನ ತೀರ್ಪಿಗೆ ಈ ಅಂಕಿಯೊಂದೇ ಸಾಕಷ್ಟು ಉತ್ತರ.

ಇಷ್ಟನ್ನೂ ನನ್ನ ಗೆಳೆಯರು ಬರೆದಿದ್ದರು. ಬರೆಯದೇ ಇದ್ದುದು ಇದು: 1958ರ ಜುಲೈಯಲ್ಲಿ ಚಂದನತ್ತೋಪಿನಲ್ಲಿ, ಅಕ್ಟೋಬರ್‌ನಲ್ಲಿ ಮುನ್ನಾರಿನ ಚಹಾ ತೋಟದಲ್ಲಿ ಆ ಸರ್ಕಾರದ ಪೊಲೀಸರು ಕಾರ್ಮಿಕರ ಮೇಲೆಯೇ ಗುಂಡು ಹಾರಿಸಿದರು. ಆಂಧ್ರದಿಂದ ಅಕ್ಕಿ ಕೊಂಡ ವ್ಯವಹಾರದ ಮೇಲೆ ನ್ಯಾಯಾಂಗ ವಿಚಾರಣೆ ನಡೆಯಬೇಕಾಯಿತು. 1959ರ ಜೂನ್ 13ರಂದು ಅಂಗಮಾಲಿಯಲ್ಲಿ ಗೋಲಿಬಾರಾಗಿ ಏಳು ಜನ ಸತ್ತರು. ಜುಲೈ 3ರಂದು ಚೆರಿಯತುರ ಎಂಬ ಮೀನುಗಾರರ ಊರಿನಲ್ಲಿ ಗುಂಡು ಬಿದ್ದವರಲ್ಲಿ ಫ್ಲೋರಿ ಎಂಬ ಗರ್ಭಿಣಿಯೂ ಒಬ್ಬಳು. ಬಡವರ ಸರ್ಕಾರದ ಗುಂಡಿಗೆ ಬಡ ಮೀನುಗಾರ ಹೆಂಗಸು ಸತ್ತಳು.

ಚಳವಳಿಯ ಹಿಂದೆ ಜಾತಿಯ ಹಿತಗಳಿದ್ದವು, ಚರ್ಚಿನ ಶಾಲೆಗಳ ಹಿತವಿತ್ತು, ಭೂಮಾಲೀಕರ ಹಿತವಿತ್ತು ಎಂದು ಗೆಳೆಯರು ವಾದಿಸುತ್ತಾರೆ. ಇದ್ದವು. ಆದರೆ ಫ್ಲೋರಿಗೆ ಯಾವ ಎಸ್ಟೇಟೂ ಇರಲಿಲ್ಲ. ಪರದೇಶದ ಪತ್ರಿಕೆಯ ಅನ್ಯಾಯಕ್ಕೆ ಉತ್ತರ ಬರೆಯುವಾಗ ಅವಳನ್ನು ಬಿಟ್ಟರೆ, ಮೊದಲು ಗುಂಡು ಅವಳನ್ನು ತೆಗೆಯಿತು, ಆಮೇಲೆ ನಮ್ಮ ಲೇಖನಿ ತೆಗೆಯಿತು ಎಂದಾಗುವುದಿಲ್ಲವೆ?

ವೈರಿಯ ಕೈಗೆ ಕುಡಗೋಲು ಕೊಡಬಾರದೆಂಬ ಮಾತಿಗೆ ಮರಳುತ್ತೇನೆ. ಈ ಮಾತಿಗೆ ಒಂದು ಭೀಕರ ಚರಿತ್ರೆಯಿದೆ. 1933ರಲ್ಲಿ ಸೋವಿಯತ್ ಉಕ್ರೇನಿನಲ್ಲಿ ಬರದಿಂದಲ್ಲ, ಸರ್ಕಾರದ ಧಾನ್ಯ ವಸೂಲಿಯಿಂದ ಲಕ್ಷ ಲಕ್ಷ ಜನ ಹಸಿದು ಸಾಯುತ್ತಿದ್ದರು. ಗ್ಯಾರೆತ್ ಜೋನ್ಸ್ ಎಂಬ ವೇಲ್ಸಿನ ತರುಣ ಪತ್ರಕರ್ತ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಕಂಡದ್ದನ್ನು ಆ ವರ್ಷದ ಮಾರ್ಚ್‌ನಲ್ಲಿ ಲೋಕಕ್ಕೆ ಹೇಳಿದ. ಎರಡೇ ದಿನಕ್ಕೆ ಅದನ್ನು ಅಲ್ಲಗಳೆದವನು ಮಾಸ್ಕೋದಲ್ಲಿದ್ದ ವಾಲ್ಟರ್ ಡುರಾಂಟಿ. ಅವನೂ ಪರದೇಶದ ವರದಿಗಾರನೇ, ಅದೇ ನ್ಯೂಯಾರ್ಕ್ ಟೈಮ್ಸ್‌ನವನು. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದವನು. ಜಗತ್ತಿನ ಅನೇಕ ಸಜ್ಜನರು ಡುರಾಂಟಿಯನ್ನೇ ನಂಬಿದರು, ಏಕೆಂದರೆ ನಂಬಲು ಅವರಿಗೆ ಆಸೆಯಿತ್ತು. ಬಡವರ ರಾಜ್ಯಕ್ಕೆ ಕೆಟ್ಟ ಹೆಸರು ಬರಬಾರದೆಂಬ ಕಳಕಳಿಯಿಂದಲೇ ಬಡವರ ಹಸಿವನ್ನು ಮುಚ್ಚಿಟ್ಟರು. ಇಲ್ಲಿ ಪಕ್ಷಪಾತ ಎಡಕ್ಕೆ ವಾಲಿತ್ತು. ಅದರ ಫಲ ಗ್ವಾಟೆಮಾಲಾದ ಪಕ್ಷಪಾತಕ್ಕಿಂತ ಮೃದುವಾಗಿರಲಿಲ್ಲ.

ಹಿತವಾದ ಪಕ್ಷಪಾತವನ್ನು ನಾವು ಪಕ್ಷಪಾತವೆಂದು ಗುರುತಿಸುವುದೇ ಇಲ್ಲ. ಕೇರಳದಲ್ಲಿ ಪ್ರಪಂಚದ ಮೊತ್ತಮೊದಲ ಚುನಾಯಿತ ಕಮ್ಯುನಿಸ್ಟ್ ಸರ್ಕಾರ ಬಂತೆಂದು ಪರದೇಶದವರು ಗಾಬರಿಯಿಂದ ಬರೆದರು, ನಾವು ಹೆಮ್ಮೆಯಿಂದ ಬರೆದೆವು. ಇಟಲಿಯೊಳಗಿನ ಪುಟ್ಟ ಸಾನ್ ಮರೀನೊ ದೇಶದಲ್ಲಿ 1945ರಲ್ಲೇ ಸಮಾಜವಾದಿಗಳ ಜೊತೆ ಕಮ್ಯುನಿಸ್ಟರು ಚುನಾವಣೆ ಗೆದ್ದು ಅಧಿಕಾರ ಹಿಡಿದಿದ್ದರು ಎಂಬುದನ್ನು ಇಬ್ಬರೂ ಗಮನಿಸಲಿಲ್ಲ. 2020ರ ಮೇ ತಿಂಗಳಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಕೊರೋನಾ ನಿಯಂತ್ರಿಸಿದ ಕೇರಳದ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಅವರನ್ನು ಹಾಡಿ ಹೊಗಳಿದಾಗ, ಪರದೇಶದ ಪತ್ರಿಕೆಗೆ ಕೇರಳದ ಬಗ್ಗೆ ಏನು ಗೊತ್ತು ಎಂದು ನನ್ನ ಗೆಳೆಯರು ಕೇಳಲಿಲ್ಲ. ಆ ಹೊಗಳಿಕೆಗೆ ಆಧಾರವಿತ್ತು ಎಂಬುದು ಬೇರೆ ಮಾತು. 2021ರ ಕೊನೆಗೆ ಆ ರಾಜ್ಯವು ಲೆಕ್ಕದಿಂದ ಬಿಟ್ಟುಹೋಗಿದ್ದ ಸಾವಿರಾರು ಸಾವುಗಳನ್ನು ಪಟ್ಟಿಗೆ ಸೇರಿಸಬೇಕಾಯಿತು ಎಂಬುದೂ ಇನ್ನೊಂದು ಮಾತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನ ದೂರಿಗೆ ಮಾತ್ರ ತೂಕವಿರುತ್ತದೆ.

ಹೀಗೆ ಉತ್ತರ ಕೊಟ್ಟವರು ಇದ್ದಾರೆಯೇ? ಒಬ್ಬರನ್ನು ನಾನು ಬಲ್ಲೆ, ಬೆಳಗಾವಿಯೂ ಬಲ್ಲದು. 1924ರ ಡಿಸೆಂಬರ್‌ನಲ್ಲಿ ಈ ಊರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮೂರು ವರ್ಷದ ನಂತರ, 1927ರಲ್ಲಿ, ಕ್ಯಾಥರೀನ್ ಮೇಯೊ ಎಂಬ ಅಮೆರಿಕದ ಲೇಖಕಿ 'ಮದರ್ ಇಂಡಿಯಾ' ಎಂಬ ಪುಸ್ತಕ ಬರೆದು ಭಾರತೀಯರು ಸ್ವರಾಜ್ಯಕ್ಕೆ ಯೋಗ್ಯರೇ ಅಲ್ಲವೆಂದು ಸಾರಿದಳು. ಬಾಲ್ಯವಿವಾಹ, ಅಸ್ಪೃಶ್ಯತೆ, ಕೊಳಕು ಎಲ್ಲವನ್ನೂ ಆರಿಸಿ ಆರಿಸಿ ಪೋಣಿಸಿದ್ದಳು. ದೇಶವೆಲ್ಲ ಕೆರಳಿತು. ಪ್ರತ್ಯುತ್ತರದ ಪುಸ್ತಕಗಳು ಬಂದವು. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಸೆಪ್ಟೆಂಬರ್ 15ರಂದು ಬರೆದರು. ಇದು ಚರಂಡಿ ತಪಾಸಣೆಗಾರನ ವರದಿ ಎಂದು ಹೆಸರಿಟ್ಟರು. ಅವಳು ಎಲ್ಲೆಲ್ಲಿ ಸತ್ಯವನ್ನು ತಿರುಚಿದ್ದಾಳೆ, ತಮ್ಮ ಮಾತನ್ನೇ ಎಲ್ಲಿ ಅಪಾರ್ಥ ಮಾಡಿದ್ದಾಳೆ ಎಂಬುದನ್ನು ತೋರಿಸಿದರು. ಅಲ್ಲಿಗೇ ನಿಲ್ಲಲಿಲ್ಲ. ಭಾರತೀಯರು ಈ ಪುಸ್ತಕವನ್ನು ಓದಿ ಪ್ರಯೋಜನ ಪಡೆಯಬಹುದು, ಅವಳು ಆರೋಪ ಮಾಡಿದ ರೀತಿಯನ್ನು ತಿರಸ್ಕರಿಸಬಹುದೇ ಹೊರತು ಅದರೊಳಗಿನ ಹುರುಳನ್ನು ತಿರಸ್ಕರಿಸಲಾಗದು ಎಂಬ ಅರ್ಥದ ಮಾತನ್ನೂ ಹೇಳಿದರು. ಚರಂಡಿ ಇದೆ ಎಂಬುದು ನಿಜ; ಚರಂಡಿಯೇ ಊರು ಎಂಬುದು ಸುಳ್ಳು. ಮೊದಲಿನದನ್ನು ಒಪ್ಪಿದವರಿಗೆ ಮಾತ್ರ ಎರಡನೆಯದನ್ನು ಗಟ್ಟಿಯಾಗಿ ಹೇಳುವ ಧೈರ್ಯ ಬರುತ್ತದೆ.

ಅವರು ವೈರಿಯ ಕೈಗೆ ಕುಡಗೋಲು ಕೊಟ್ಟರೇ? ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾನೂನು 1929ರಲ್ಲಿ ಬಂತು. ಅದರಿಂದ ಸ್ವರಾಜ್ಯದ ವಾದ ದುರ್ಬಲವಾಗಲಿಲ್ಲ. ನಾವಾಗಿಯೇ ಒಪ್ಪಿಕೊಂಡ ತಪ್ಪು ವೈರಿಗೆ ಹೆಚ್ಚು ದಿನ ಉಪಯೋಗಕ್ಕೆ ಬರುವುದಿಲ್ಲ. ಮುಚ್ಚಿಟ್ಟ ತಪ್ಪು ಅವನಿಗೆ ಎಂದೆಂದಿಗೂ ಸಿದ್ಧ ಆಯುಧ. ಅದು ಹೊರಬಿದ್ದ ದಿನ ನಾವು ಹೇಳಿದ್ದ ನಿಜಗಳೂ ಅದರ ಜೊತೆ ಮಣ್ಣುಪಾಲು.

ಇಷ್ಟೆಲ್ಲ ಹೇಳಿದಮೇಲೂ ಒಂದು ಮಾತು ಉಳಿಯುತ್ತದೆ. 2017ರಲ್ಲಿ ಕೇರಳದ ಎಡರಂಗದ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅವರಲ್ಲಿ ಅದೇ ಎಡಪಕ್ಷದಿಂದ ಹೊಲ ಪಡೆದ ಕುಟುಂಬಗಳ ಮಕ್ಕಳೂ ಇದ್ದಿರಬೇಕು. ಹೊಲ ಕೊಟ್ಟಿತೆಂಬ ಕಾರಣಕ್ಕೆ ನಿಮ್ಮ ನುಡಿಯ ಮಾತೆತ್ತಬೇಡಿ ಎಂದು ಅವರಿಗೆ ಹೇಳುವ ಧೈರ್ಯ ಬೆಳಗಾವಿಯ ಯಾವ ಕನ್ನಡಿಗನಿಗೂ ಬರಲಾರದು. ಆಗ ನಾವೆಲ್ಲ ಕಾಸರಗೋಡಿನ ಕಡೆ ನಿಂತೆವು. ಆದರೆ ಖಾನಾಪುರದ ಹಳ್ಳಿಯಲ್ಲಿ ಮರಾಠಿ ಮಾತಾಡುವ ರೈತನು ಕಚೇರಿಯ ಕಾಗದ ತನಗೆ ತಿಳಿಯುವುದಿಲ್ಲವೆಂದು ಗೊಣಗಿದಾಗ ಅದು ನಮ್ಮ ಪತ್ರಿಕೆಗಳಲ್ಲಿ ಯಾವ ಹೆಸರಿನಿಂದ ಬರುತ್ತದೆ? ಅಹವಾಲು ಎಂದೋ, ಕಿತಾಪತಿ ಎಂದೋ? ಬೆಳಗಾವಿ ಕರ್ನಾಟಕದ್ದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. 1967ರಲ್ಲಿ ಮಹಾಜನ ಆಯೋಗವೂ ಹಾಗೆಯೇ ಹೇಳಿತು. ಆದರೆ ಗಡಿ ಯಾರದೆಂಬ ಪ್ರಶ್ನೆಗೂ ಆ ರೈತನ ಕಾಗದದ ಪ್ರಶ್ನೆಗೂ ಒಂದೇ ಉತ್ತರ ಕೊಡುವವರು ಪರದೇಶದ ಪತ್ರಿಕೆಯ ಪಕ್ಷಪಾತವನ್ನು ಯಾವ ಬಾಯಿಂದ ದೂರಬೇಕು?

ಗೆಳೆಯರ ಲೇಖನ ಅಚ್ಚಾಗಲೇಬೇಕೆಂಬುದು ನನ್ನ ಆಸೆ. ಬಾಳೆಹಣ್ಣಿನ ಕಂಪನಿಯ ಎರಡು ಬೆಲೆಗಳನ್ನೂ, ಮೊಯ್ನಿಹಾನರ ತಪ್ಪೊಪ್ಪಿಗೆಯನ್ನೂ, 35 ಮತ್ತು 39ರ ಅಂಕಿಯನ್ನೂ ನಮ್ಮ ಹುಡುಗರು ಓದಿ ತಿಳಿಯಬೇಕು. ಇಂಗ್ಲಿಷಿನಲ್ಲಿ ಅಚ್ಚಾದದ್ದೆಲ್ಲ ಸತ್ಯವೆಂಬ ಭ್ರಮೆ ಅವರನ್ನು ಬಿಡಬೇಕು. ಅದೇ ಲೇಖನದಲ್ಲಿ ಮುನ್ನಾರಿನ ಕಾರ್ಮಿಕರಿಗೂ ಅಂಗಮಾಲಿಯ ಏಳು ಜನರಿಗೂ ಆ ಮೀನುಗಾರ ಹೆಂಗಸಿಗೂ ನಾಲ್ಕು ಸಾಲು ಜಾಗ ಬೇಕು. ಸರ್ಕಾರಗಳಿಗೆ ವಕೀಲರು ಯಾವಾಗಲೂ ಸಿಗುತ್ತಾರೆ, ಸಂಬಳಕ್ಕೂ ಸಿಗುತ್ತಾರೆ. ಆ ನಾಲ್ಕು ಸಾಲನ್ನು ಬರೆಯಲು ಮಾತ್ರ ಸಂಬಳ ಕೊಡುವವರು ಯಾರೂ ಇಲ್ಲ. ಆದಕಾರಣವೇ ಅದನ್ನು ನಾವು ಬರೆಯಬೇಕು.